ಲ್ಯಾಪ್‌ಟಾಪ್‌ಗೆ ಹೊಸ ವೈಫೈ ಕಾರ್ಡ್: ದುಡ್ಡು ಕೊಡುವ ಮುಂಚೆ ಹಿಂದಿನ ಮುಚ್ಚಳ ತೆಗೆಯಿರಿ

ಮನೆಯಲ್ಲಿ 100 ಎಂಬಿಪಿಎಸ್ ಪ್ಲಾನ್ ಇದೆ. ಫೋನಿನಲ್ಲಿ ಅಷ್ಟೂ ಬರುತ್ತದೆ, ಅದೇ ಮೇಜಿನ ಮೇಲಿರುವ ಲ್ಯಾಪ್‌ಟಾಪ್‌ನಲ್ಲಿ ಮಾತ್ರ 30–40 ದಾಟುವುದಿಲ್ಲ. ಬೈಗುಳವೆಲ್ಲ ಇಂಟರ್ನೆಟ್ ಕೊಟ್ಟವರಿಗೆ. ಆದರೆ ಎಷ್ಟೋ ಸಲ ತೊಂದರೆ ಇರುವುದು ಒಳಗಿನ ಪುಟ್ಟ ವೈಫೈ ಕಾರ್ಡಿನಲ್ಲಿ. ಕಡಿಮೆ ಬೆಲೆಯ ಹಳೆ ಲ್ಯಾಪ್‌ಟಾಪ್‌ಗಳಿಗೆ ನಿಧಾನದ 2.4 ಗಿಗಾಹರ್ಟ್ಸ್ ಸಿಗ್ನಲ್ ಮಾತ್ರ ಹಿಡಿಯುವ, ಒಂದೇ ಆಂಟೆನಾದ ಕಾರ್ಡ್ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು.

ಮೊದಲು ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ಈಗಿರುವ ಕಾರ್ಡಿನ ಹೆಸರು ಬರೆದಿಟ್ಟುಕೊಳ್ಳಿ. ರೂಟರನ್ನೂ ಒಮ್ಮೆ ನೋಡಿ. ಅದರಲ್ಲೇ ವೇಗದ 5 ಗಿಗಾಹರ್ಟ್ಸ್ ಇಲ್ಲದಿದ್ದರೆ ಕಾರ್ಡಿಗೆ ಸುರಿಯುವ ದುಡ್ಡು ಸುಮ್ನೆ ದಂಡ.

ಆಮೇಲೆ ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಮುಚ್ಚಳ ಬಿಚ್ಚಿ, ಬೇರೇನನ್ನೂ ಮುಟ್ಟುವ ಮುಂಚೆ ಬ್ಯಾಟರಿಯ ಕನೆಕ್ಟರ್ ತೆಗೆಯಿರಿ. ಆಂಟೆನಾದ ಎರಡು ತೆಳು ವೈರ್, ಸಾಮಾನ್ಯವಾಗಿ ಒಂದು ಕಪ್ಪು ಒಂದು ಬಿಳಿ, ಬಂದು ಕೂತಿರುವ ಪುಟ್ಟ ಹಸಿರು ಅಥವಾ ಕಪ್ಪು ಬೋರ್ಡೇ ವೈಫೈ ಕಾರ್ಡ್. ಅದು 22 ಮಿ.ಮೀ. ಅಗಲ, 30 ಮಿ.ಮೀ. ಉದ್ದ ಇದ್ದರೆ ಎಂ.2 2230 ಎಂಬ ಅಳತೆಯದ್ದು. ಇನ್ನೂ ಹಳೆಯದಾದರೆ ಸ್ವಲ್ಪ ಅಗಲದ ಮಿನಿ ಪಿಸಿಐಇ ಇರುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ, ವೈರಿನ ತುದಿಯ ಅಳತೆಯೂ ಬೇರೆ. ಸ್ಕ್ರೂ ಇಲ್ಲದೆ ಬೋರ್ಡಿಗೇ ಬೆಸುಗೆ ಹಾಕಿದ್ದರೆ ಮುಚ್ಚಳ ಮುಚ್ಚಿ, ಒಂದು ಯುಎಸ್‌ಬಿ ವೈಫೈ ಡಾಂಗಲ್ ತಗೊಳ್ಳಿ.

ವೈರ್ ಎಷ್ಟಿದೆ ಅಂತಲೂ ಎಣಿಸಿ. ಒಂದೇ ಇದ್ದರೆ ಎಷ್ಟೇ ಒಳ್ಳೆ ಕಾರ್ಡ್ ಹಾಕಿದರೂ ಅದರ ಪೂರ್ತಿ ವೇಗ ಸಿಗುವುದಿಲ್ಲ.

ಈಗ ಜಾಸ್ತಿ ಜನ ಎಡವುವ ಜಾಗ. ಇಂಟೆಲ್‌ನ ಎಎಕ್ಸ್200 ಮತ್ತು ಎಎಕ್ಸ್201 ಕಾರ್ಡುಗಳು ನೋಡಲು ಅಣ್ಣತಮ್ಮಂದಿರು, ಸ್ಲಾಟಿನಲ್ಲೂ ಎರಡೂ ಕೂರುತ್ತವೆ, ಆದರೆ 201ರಲ್ಲಿರುವುದು ಅರ್ಧ ಕೆಲಸ ಮಾತ್ರ, ಉಳಿದರ್ಧ ಇಂಟೆಲ್‌ನ ಹೊಸ ಪ್ರೊಸೆಸರ್ ಜೊತೆಗಿರುವ ಚಿಪ್‌ಸೆಟ್‌ನಲ್ಲಿದೆ. ಇದಕ್ಕೆ ಸಿಎನ್‌ವಿಐ ಅನ್ನುತ್ತಾರೆ. ಇಂಟೆಲ್ ಬದಲು ಎಎಂಡಿ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗೆ ಹಾಕಿದರೆ ಕಾರ್ಡ್ ಇದೆ ಅಂತಲೇ ಗೊತ್ತಾಗುವುದಿಲ್ಲ. 9560, ಎಎಕ್ಸ್211 ಕೂಡ ಇದೇ ಜಾತಿ. 9260, ಎಎಕ್ಸ್200, ಎಎಕ್ಸ್210 ಪೂರ್ತಿ ಕೆಲಸ ತಾವೇ ಮಾಡುವ ಮಾಮೂಲಿ ಪಿಸಿಐಇ ಕಾರ್ಡುಗಳು, ಇಂಟೆಲ್‌ಗೂ ಎಎಂಡಿಗೂ ಆಗುತ್ತವೆ. ಉಲ್ಟಾ ತೊಂದರೆಯೂ ಉಂಟು: ಈಗ ಎಎಕ್ಸ್201 ಇರುವ ಕೆಲವು ಲ್ಯಾಪ್‌ಟಾಪ್‌ಗಳ ಸ್ಲಾಟಿನಲ್ಲಿ ಮಾಮೂಲಿ ಕಾರ್ಡ್ ನಡೆಯುವುದಿಲ್ಲ. ಅಂಗಡಿಯವರು "ಎರಡೂ ಒಂದೇ ಸಾರ್" ಅಂದರೆ ನಂಬಬೇಡಿ, ಕಾರ್ಡಿನ ಮೇಲಿನ ಲೇಬಲ್ ಓದಿ.

ಹಳೆ ಥಿಂಕ್‌ಪ್ಯಾಡ್‌ಗಳದ್ದು ಇನ್ನೊಂದು ಕಿರಿಕಿರಿ. ಕಂಪನಿ ಒಪ್ಪಿದ ಕಾರ್ಡುಗಳ ಪಟ್ಟಿ ಬಯಾಸ್‌ನಲ್ಲೇ, ಅಂದರೆ ಲ್ಯಾಪ್‌ಟಾಪ್ ಆನ್ ಆದ ತಕ್ಷಣ ಮೊದಲು ಓಡುವ ತಂತ್ರಾಂಶದಲ್ಲೇ, ಇರುತ್ತದೆ. ಬೇರೆ ಕಾರ್ಡ್ ಹಾಕಿದರೆ 1802 ಎಂಬ ಎರರ್ ತೋರಿಸಿ ಮುಂದಕ್ಕೇ ಹೋಗುವುದಿಲ್ಲ. ಅಂಥ ಮಾಡೆಲ್ ಆದರೆ ಮೊದಲು ಆ ಪಟ್ಟಿ ಹುಡುಕಿ.

ಹಾಗಾದರೆ ಯಾವುದು ತಗೊಳ್ಳೋದು? ಎಂ.2 ಸ್ಲಾಟ್, ವಿಂಡೋಸ್ 10 ಅಥವಾ 11 ಇದ್ದರೆ ನನ್ನ ಮತ ಎಎಕ್ಸ್210ಗೆ. ಅದರ 6 ಗಿಗಾಹರ್ಟ್ಸ್‌ಗೆ ವಿಂಡೋಸ್ 11, ಅದಕ್ಕೆ ತಕ್ಕ ರೂಟರ್ ಎರಡೂ ಬೇಕು. 6 ಗಿಗಾಹರ್ಟ್ಸ್ ಬೇಡವಾದರೆ ಎಎಕ್ಸ್200 ಧಾರಾಳ ಸಾಕು. ಮಿನಿ ಪಿಸಿಐಇ ಅಥವಾ ವಿಂಡೋಸ್ 7 ಆದರೆ ಹಳೆಯ 7260 ಹುಡುಕಿ, ಅದು ಎರಡೂ ಅಳತೆಯಲ್ಲಿ ಬಂದಿತ್ತು. ವೈಫೈ 7ರ ಬಿಇ200 ಆಸೆ ಸದ್ಯಕ್ಕೆ ಬಿಡಿ, ಎಎಂಡಿ ಯಂತ್ರಗಳಲ್ಲಂತೂ ಅದರ ದೂರು ಬಹಳ.

ಹಾಕುವಾಗ ವೈರಿನ ತುದಿಯನ್ನು ಉಗುರಿನಿಂದ ನೇರ ಮೇಲಕ್ಕೆ ಎತ್ತಿ, ಪಕ್ಕಕ್ಕೆ ಎಳೆಯಬೇಡಿ. ಸ್ಕ್ರೂ ತೆಗೆದ ತಕ್ಷಣ ಕಾರ್ಡ್ ಓರೆಯಾಗಿ ಮೇಲೇಳುತ್ತದೆ, ಹೊಸದನ್ನೂ ಅದೇ ಓರೆಯಲ್ಲಿ ತೂರಿಸಿ. ತುದಿ ಒತ್ತುವಾಗ ಸಣ್ಣಗೆ ಟಕ್ ಅನ್ನಬೇಕು. ಅನ್ನದಿದ್ದರೆ ಕೂತಿಲ್ಲ ಅಂತಲೇ, ಜೋರು ಮಾಡದೆ ಸರಿಸಿ ಮತ್ತೆ ಒತ್ತಿ.

ಅಂದಹಾಗೆ, ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಮೊದಲೇ ಪೆನ್‌ಡ್ರೈವ್‌ಗೆ ಇಳಿಸಿಟ್ಟುಕೊಳ್ಳಿ. ಹೊಸ ಕಾರ್ಡ್ ಹಾಕಿದ ಮೇಲೆ ಡ್ರೈವರ್ ತರಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು! ಮರೆತಿದ್ದರೆ ಫೋನನ್ನು ಕೇಬಲ್‌ನಿಂದ ಸಿಕ್ಕಿಸಿ, ಫೋನಿನ ನೆಟ್ಟನ್ನು ಲ್ಯಾಪ್‌ಟಾಪ್‌ಗೆ ಕೊಡುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ.