ಮೂಳೆಗೆ ಹರಡಿದ ಕ್ಯಾನ್ಸರ್: ರೋಗಿಯನ್ನು ಮನೆಯಲ್ಲಿ ಎಬ್ಬಿಸಿ ನಡೆಸುವ ಬಗೆ

ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡ ಮತ್ತು ಥೈರಾಯ್ಡ್‌ಗಳ ಕ್ಯಾನ್ಸರ್ ಮೂಳೆಗೆ ಹರಡುವುದು ಹೆಚ್ಚು. ಬೆನ್ನುಮೂಳೆ, ಸೊಂಟ, ಪಕ್ಕೆಲುಬು, ತೊಡೆಮೂಳೆ ಮತ್ತು ತೋಳಿನ ಮೂಳೆಯ ಮೇಲ್ಭಾಗ ಅದರ ಸಾಮಾನ್ಯ ನೆಲೆಗಳು. ಹೀಗಾದಾಗ ಮನೆಗಳಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಮೂಳೆ ಮುರಿದೀತೆಂಬ ಭಯಕ್ಕೆ ಕೆಲವರು ರೋಗಿಯನ್ನು ಹಾಸಿಗೆಯಿಂದ ಏಳಲು ಬಿಡುವುದಿಲ್ಲ. ಅದರಿಂದ ಸ್ನಾಯು ಸೊರಗುತ್ತದೆ, ಬೆನ್ನಿನಲ್ಲಿ ಹುಣ್ಣಾಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಇನ್ನು ಕೆಲವರು ವಯಸ್ಸಿನ ನೋವೆಂದು ಬಗೆದು ಬಿಸಿ ಎಣ್ಣೆ ಹಚ್ಚಿ ಬಲವಾಗಿ ನೀವಿಸುತ್ತಾರೆ, ಎಳೆದು ತಿರುಚಿ ಕಟ್ಟು ಕಟ್ಟಿಸುತ್ತಾರೆ. ಸವೆದು ಟೊಳ್ಳಾದ ಮೂಳೆ ಅಷ್ಟಕ್ಕೇ ಮುರಿಯಬಹುದು.

ಆದ್ದರಿಂದ ಮೂಳೆ ತಜ್ಞರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಈ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದು. ಪೂರ್ತಿ ಭಾರವೋ, ಅರ್ಧವೋ, ಬೆರಳ ತುದಿ ತಾಗಿಸುವಷ್ಟೋ, ಏನೂ ಇಲ್ಲವೋ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ‘ಜೋಪಾನವಾಗಿ ಓಡಾಡಿಸಿ’ ಎಂಬ ಬಾಯಿಮಾತು ಇಲ್ಲಿ ಸಾಲದು. ಕೈಕಾಲಿನ ಉದ್ದ ಮೂಳೆ ಮುರಿಯುವ ಅಪಾಯವನ್ನು ಅಂದಾಜು ಮಾಡಲು ವೈದ್ಯರು ಬಳಸುವ ಮಿರೆಲ್ಸ್ ಅಂಕಪದ್ಧತಿ 1989ರಿಂದ ಚಾಲ್ತಿಯಲ್ಲಿದೆ: ಗೆಡ್ಡೆ ಇರುವ ಜಾಗ, ನೋವಿನ ಬಗೆ, ಎಕ್ಸ್‌ರೇಯಲ್ಲಿ ಅದು ಕಾಣುವ ರೀತಿ ಮತ್ತು ಮೂಳೆಯ ದಪ್ಪದಲ್ಲಿ ಅದು ಆಕ್ರಮಿಸಿದ ಪಾಲು, ಈ ನಾಲ್ಕಕ್ಕೂ 1ರಿಂದ 3 ಅಂಕ ಕೊಡಲಾಗುತ್ತದೆ. ಒಟ್ಟು 12ರಲ್ಲಿ 9 ಅಥವಾ ಹೆಚ್ಚು ಬಂದರೆ, ಮೂಳೆ ಮುರಿಯುವ ಮೊದಲೇ ಒಳಗೆ ರಾಡ್ ಅಥವಾ ಪ್ಲೇಟ್ ಹಾಕುವುದನ್ನು ಯೋಚಿಸುತ್ತಾರೆ. ಮುರಿದ ಮೇಲೆ ಮಾಡುವ ಶಸ್ತ್ರಚಿಕಿತ್ಸೆಗಿಂತ ಇದು ರೋಗಿಗೆ ಹಗುರ. ಮಲಗಿದಾಗ ತಗ್ಗಿ, ಕಾಲೂರಿದೊಡನೆ ಚುಚ್ಚುವ ನೋವು ಈ ಲೆಕ್ಕದಲ್ಲಿ ಬಹಳ ಮುಖ್ಯವಾದ್ದರಿಂದ ಅದನ್ನು ಮುಚ್ಚಿಡಬಾರದು. ಎಕ್ಸ್‌ರೇ ತೆಗೆಸುವಾಗಲೂ ನೋವಿನ ಜಾಗವಷ್ಟೇ ಅಲ್ಲದೆ ಮೇಲಿನ ಕೀಲಿನಿಂದ ಕೆಳಗಿನ ಕೀಲಿನವರೆಗೆ ಇಡೀ ಮೂಳೆ ಕಾಣಬೇಕು. ಕೆಳಗೆ ಇನ್ನೊಂದು ಗೆಡ್ಡೆ ಇದ್ದರೆ ರಾಡಿನ ಉದ್ದವೇ ಬದಲಾಗುತ್ತದೆ.

ಹಾಸಿಗೆಯಿಂದ ಎಬ್ಬಿಸುವಾಗ ಕೈ ಹಿಡಿದು ಎಳೆಯಬೇಡಿ. ಬೆನ್ನುಮೂಳೆಯಲ್ಲಿ ರೋಗವಿದ್ದರೆ ಹೆಗಲು ಮತ್ತು ಸೊಂಟ ಒಟ್ಟಿಗೇ ತಿರುಗುವಂತೆ, ಮರದ ದಿಮ್ಮಿಯನ್ನು ಉರುಳಿಸುವ ಹಾಗೆ ಪಕ್ಕಕ್ಕೆ ಹೊರಳಿಸಿ. ಆಮೇಲೆ ಕಾಲುಗಳನ್ನು ಮಂಚದಿಂದ ಕೆಳಕ್ಕೆ ಇಳಿಬಿಟ್ಟು, ರೋಗಿ ಮೊಣಕೈ ಊರಿ ಏಳುವಂತೆ ಆಸರೆ ಕೊಡಿ. ತಲೆ ಸುತ್ತದೆಂದು ಖಾತ್ರಿಯಾಗುವವರೆಗೆ ಮಂಚದ ಅಂಚಿನಲ್ಲೇ ಕೂರಿಸಿ. ವಾಕರ್ ಕೊಳ್ಳುವ ಮುನ್ನ ತೋಳಿನ ಮೂಳೆಯ ಸ್ಥಿತಿಯನ್ನು ವಿಚಾರಿಸಿ, ಏಕೆಂದರೆ ವಾಕರ್ ಕಾಲಿನ ಭಾರವನ್ನು ಕೈಗೆ ದಾಟಿಸುತ್ತದೆ. ಒಂದೇ ಊರುಗೋಲಾದರೆ ಅದು ನೋವಿಲ್ಲದ ಕಡೆಯ ಕೈಯಲ್ಲಿರಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ.

ಮನೆಯೊಳಗೆ ಹೆಚ್ಚು ಅಪಾಯವಿರುವುದು ಬಚ್ಚಲಿನಲ್ಲಿ. ಕುಕ್ಕರಗಾಲಲ್ಲಿ ಕೂರುವ ಶೌಚಾಲಯವಿದ್ದರೆ ಕಮೋಡ್ ಕುರ್ಚಿ ತನ್ನಿ, ಸ್ನಾನಕ್ಕೆ ಜಾರದ ಸ್ಟೂಲ್ ಇಡಿ, ಕಾಲೊರಸುವ ಬಟ್ಟೆಗಳನ್ನು ದಾರಿಯಿಂದ ತೆಗೆಯಿರಿ, ಹೊಸ್ತಿಲಿಗೆ ಢಾಳಾದ ಬಣ್ಣದ ಪಟ್ಟಿ ಅಂಟಿಸಿ. ಹಬ್ಬದ ದಿನವಾದರೂ ಪಂಕ್ತಿಯಲ್ಲಿ ನೆಲದ ಮೇಲೇ ಕೂರುತ್ತೇನೆಂದು ಹಿರಿಯರು ಹಟ ಹಿಡಿಯುವುದುಂಟು; ಆ ದಿನ ಎಲ್ಲರೂ ಮೇಜಿನ ಮೇಲೆ ಉಂಡರೆ ಮಾತೇ ಬರುವುದಿಲ್ಲ.

ವ್ಯಾಯಾಮ ಸಣ್ಣದಿರಲಿ, ದಿನವೂ ಇರಲಿ. ಪಾದವನ್ನು ಮೇಲೆ ಕೆಳಗೆ ಆಡಿಸುವುದು ಮತ್ತು ಮಲಗಿದಲ್ಲೇ ಮೊಣಕಾಲಿನ ಹಿಂಭಾಗವನ್ನು ಹಾಸಿಗೆಗೆ ಮೆಲ್ಲಗೆ ಒತ್ತಿ ಐದು ಎಣಿಸಿ ಬಿಡುವುದು ಸಾಮಾನ್ಯವಾಗಿ ಮೊದಲ ಪಾಠ. ಕಾಲನ್ನು ನೇರವಾಗಿ ಮೇಲೆತ್ತುವುದು ತೊಡೆಮೂಳೆಗೆ ಒತ್ತಡ ಹಾಕುವುದರಿಂದ, ಫಿಸಿಯೋಥೆರಪಿಸ್ಟ್ ಹೇಳದೆ ಅದನ್ನು ಮಾಡಿಸಬೇಡಿ. ವೈದ್ಯರ ಒಪ್ಪಿಗೆಯಿದ್ದರೆ ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ನೋವಿನ ಮಾತ್ರೆ ಕೊಡಿ.

ವಿಕಿರಣ ಚಿಕಿತ್ಸೆಯ ಬಳಿಕ ಕೆಲವು ದಿನ ನೋವು ಏರಬಹುದು, ಇಳಿಯಲು ಕೆಲವು ವಾರ ಹಿಡಿಯಬಹುದು. ಮೂಳೆ ಗಟ್ಟಿಯಾಗಲು ಅದಕ್ಕಿಂತಲೂ ಹೆಚ್ಚು ಕಾಲ ಬೇಕು. ಹೀಗಾಗಿ ನೋವು ಹೋಯಿತೆಂದು ಊರುಗೋಲನ್ನು ಮೂಲೆಗಿಡಬೇಡಿ. ಮೂಳೆ ಬಲಪಡಿಸುವ ಝೋಲೆಡ್ರೋನಿಕ್ ಆಸಿಡ್ ಅಥವಾ ಡೆನೋಸುಮಾಬ್ ಆರಂಭಿಸುವ ಮೊದಲು ಹಲ್ಲಿನ ತಪಾಸಣೆ ಮುಗಿಯಬೇಕು, ಏಕೆಂದರೆ ಚಿಕಿತ್ಸೆಯ ನಡುವೆ ಹಲ್ಲು ಕೀಳಿಸಿದರೆ ದವಡೆಯ ಮೂಳೆ ಕೊಳೆಯುವ ಅಪಾಯವಿದೆ.

ಕಾಲುಗಳಲ್ಲಿ ಹೊಸದಾಗಿ ಬಲಹೀನತೆ ಅಥವಾ ಜೋಮು, ಮೂತ್ರ ಕಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು, ಕೆಮ್ಮಿದರೆ ಹೆಚ್ಚುವ ಬೆನ್ನುನೋವು ಇವು ಬೆನ್ನುಹುರಿ ಅದುಮಿರಬಹುದೆಂಬ ಸೂಚನೆಗಳು. ಬೆಳಗಾಗಲೆಂದು ಕಾಯದೆ ಅದೇ ರಾತ್ರಿ ಹೊರಡಬೇಕು, ಏಕೆಂದರೆ ಚಿಕಿತ್ಸೆ ಶುರುವಾಗುವಾಗ ನಡೆಯುತ್ತಿದ್ದವರೇ ಮುಂದೆಯೂ ನಡೆಯುವ ಸಂಭವ ಹೆಚ್ಚು. ವಿಪರೀತ ಬಾಯಾರಿಕೆ, ಮಲಬದ್ಧತೆ, ಮಂಕುತನ ಒಟ್ಟಿಗೆ ಕಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿರಬಹುದು. ಅದಕ್ಕೂ ಅಂದೇ ಪರೀಕ್ಷೆ ಬೇಕು.

ನಡೆಯುವಾಗ ಕಾಲು ಹಠಾತ್ತನೆ ಕುಸಿದು ಆಕಾರ ಬದಲಾದರೆ ನಿಲ್ಲಿಸಲು ನೋಡಬೇಡಿ, ಎಳೆದು ನೆಟ್ಟಗೆ ಮಾಡಲೂಬೇಡಿ. ಇದ್ದ ಭಂಗಿಯಲ್ಲೇ ಎರಡೂ ಬದಿಗೆ ದಿಂಬು ಒತ್ತಿಟ್ಟು, ಸಡಿಲವಾಗಿ ಬಟ್ಟೆ ಸುತ್ತಿ 108ಕ್ಕೆ ಕರೆ ಮಾಡಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ವೈದ್ಯರನ್ನು ಕೇಳದೆ ಊಟ ಕೊಡಬೇಡಿ. ಎಕ್ಸ್‌ರೇ, ಸ್ಕ್ಯಾನ್ ಮತ್ತು ಮಾತ್ರೆಗಳ ಪಟ್ಟಿ ಇರುವ ಚೀಲ ಬಾಗಿಲ ಹಿಂದಿನ ಮೊಳೆಗೆ ಸದಾ ತೂಗುತ್ತಿರಲಿ.