ನಿಘಂಟಿನ ಬುರುಡೆ ಆಟ: ಟೀಮ್ ಮಾಡ್ಕೊಂಡು ಆಡೋದು ಹೇಗೆ?

ಯಾರಿಗೂ ಗೊತ್ತಿಲ್ಲದ ಒಂದು ಪದ, ಅದಕ್ಕೆ ಮೂರು ಅರ್ಥ, ಒಂದೇ ನಿಜ, ಉಳಿದೆರಡು ಬುರುಡೆ. ನಿಜ ಯಾವುದು ಅಂತ ಎದುರು ಟೀಮ್ ಹೇಳ್ಬೇಕು. 1965ರಲ್ಲಿ ಬಿಬಿಸಿ ಟಿವಿಲಿ ಶುರುವಾದ ‘ಕಾಲ್ ಮೈ ಬ್ಲಫ್’ ಕೂಡ ಇದೇ ಆಟ, ಅಲ್ಲೂ ಟೀಮಿಗೆ ಮೂರು ಜನ. ನೀವೂ ಮೂರೇ ಇಟ್ಕೊಳ್ಳಿ, ನಾಲ್ಕನೆಯವ್ರಿಗೆ ಕೆಲಸ ಇರಲ್ಲ.

ಒಂದು ದಪ್ಪ ನಿಘಂಟು, ಚೀಟಿ, ಪೆನ್ನು ಸಾಕು. ರ‍್ಯಾಂಡಮ್ ಪದ ಕೊಡೋ ಆ್ಯಪ್ ಬೇಡ, ಅವು ಕೊಡೋದ್ರಲ್ಲಿ ಅರ್ಧಕ್ಕರ್ಧ ಎಲ್ರಿಗೂ ಗೊತ್ತಿರೋ ಪದಗಳೇ. ಫೋನೆಲ್ಲಾ ಒಂದ್ಕಡೆ ಎತ್ತಿಡಿ.

ಪದ ಚಿಕ್ಕದಿರಲಿ. ಉದ್ದದ ಸಂಸ್ಕೃತ ಸಮಾಸ ಆರಿಸಿದ್ರೆ ಬಿಡಿಸಿ ಅರ್ಥ ಹೇಳ್ಬಿಡ್ತಾರೆ. ಹಳಗನ್ನಡದ ಪಂದೆ, ಒರಲೆ, ಎಲರ್ ಥರದ್ದು ಚೆನ್ನಾಗಿರತ್ತೆ. ಎದುರಿನವ್ರಲ್ಲಿ ಯಾರಿಗಾದ್ರೂ ಪದ ಮೊದ್ಲೇ ಗೊತ್ತಿದ್ರೆ ಕೈ ಎತ್ಲಿ, ಪದ ಬದಲಾಯಿಸಿ.

ಮೂರು ಚೀಟಿ ಒಳಗೊಳಗೇ ಹಂಚ್ಕೊಳ್ಳಿ, ಒಂದ್ರಲ್ಲಿ ನಿಜವಾದ ಅರ್ಥ, ಎರಡ್ರಲ್ಲಿ ‘ಬುರುಡೆ’ ಅಂತ ಇರಲಿ.

ಇನ್ನು ಅರ್ಥ ಬರೆಯೋದು, ಎಲ್ರೂ ಎಡವೋದು ಇಲ್ಲೇ. ಬುರುಡೆ ಸಿಕ್ಕವ್ರು ಚಪ್ಪಾಳೆ ಬೀಳ್ಲಿ ಅಂತ ಮೂರು ತಲೆ ರಾಕ್ಷಸ, ರಾಜಕುಮಾರಿ ಶಾಪ ಅಂತೆಲ್ಲಾ ಬರೀತಾರೆ, ನಗು ಬರತ್ತೆ, ವೋಟು ಬರಲ್ಲ. ಸಪ್ಪೆಯಾಗಿ ಬರೀರಿ. ‘ಪಂದೆ’ಗೆ ‘ಬಾವಿ ಕಟ್ಟೆ ಮೇಲೆ ಹಗ್ಗ ಉಜ್ಜದ ಹಾಗೆ ಇಡೋ ಮರದ ತುಂಡು’ ಅಂದ್ರೆ ಯಾರಿಗೂ ಅನುಮಾನ ಬರಲ್ಲ, ಯಾಕಂದ್ರೆ ಅಂಥ ಪುಟ್ಟ ವಸ್ತುಗೂ ಒಂದು ಹೆಸರು ಇದ್ದೇ ಇರತ್ತೆ ಅಂತ ಎಲ್ರಿಗೂ ಅನ್ಸತ್ತೆ. ಎರಡನೇ ಬುರುಡೆ ಜಾಣರಿಗೆ ಅಂತಲೇ ಇರಲಿ. ಪಾಲ್ ಹಾಲಾಗಿದೆ, ಪೂ ಹೂವಾಗಿದೆ, ಹಾಗಾದ್ರೆ ಪಂದೆ ಅಂದ್ರೆ ಹಂದಿ ಅಂತ ಅವ್ರೇ ಮನಸ್ಸಲ್ಲಿ ಲೆಕ್ಕ ಹಾಕಿರ್ತಾರೆ, ನೀವು ಅದನ್ನೇ ಹೇಳಿ. ನಿಜವಾದ ಅರ್ಥ ಹೇಡಿ.

ನಿಜ ಸಿಕ್ಕವ್ರ ಕೆಲಸ ಇನ್ನೂ ಕಷ್ಟ, ಆದ್ರೆ ಅವ್ರೇ ಆರಾಮಾಗಿ ಕೂತಿರ್ತಾರೆ! ನಿಘಂಟಲ್ಲಿ ಇದ್ದಿದ್ದನ್ನ ಹಾಗೇ ಓದಿದ್ರೆ ಗ್ರಂಥದ ಭಾಷೆಯಿಂದಲೇ ಗೊತ್ತಾಗ್ಬಿಡತ್ತೆ. ‘ಹೇಡಿ’ ಅಂತ ಒಂದೇ ಮಾತಲ್ಲಿ ಮುಗಿಸ್ಬೇಡಿ, ‘ಯುದ್ಧ ಅಂದ್ರೆ ಹಿಂದೆ ಸರಿಯೋನು, ಬೈಗುಳದ ಹಾಗೆ ಬಳಸ್ತಿದ್ರು’ ಅಂತ ನಿಮ್ಮ ಮಾತಲ್ಲೇ ಹೇಳಿ. ಮೂರೂ ಸುಮಾರು ಒಂದೇ ಉದ್ದ ಇರ್ಬೇಕು, ಮೂರೂ ನಾಮಪದವೇ ಆಗಿರ್ಬೇಕು. ಇದಕ್ಕೆ ಐದು ನಿಮಿಷ ಕೊಡಿ, ಎರಡು ನಿಮಿಷದಲ್ಲಿ ಆಗಲ್ಲ.

ಹೇಳೋವಾಗ ಚೀಟಿ ನೋಡ್ಬೇಡಿ, ಎದುರಿನವ್ರ ಮುಖ ನೋಡಿ. ನಿಜ ಯಾವಾಗ್ಲೂ ಕೊನೆಗೇ ಬರೋ ಹಾಗೆ ಮಾಡ್ಬೇಡಿ, ಎರಡೇ ಸುತ್ತಲ್ಲಿ ಹಿಡಿದ್ಬಿಡ್ತಾರೆ.

ಎದುರು ಟೀಮಿಗೆ ಚರ್ಚೆಗೆ ಒಂದು ನಿಮಿಷ, ಉತ್ತರ ಒಂದೇ. ಸರಿ ಹೇಳಿದ್ರೆ ಅವ್ರಿಗೆ ಪಾಯಿಂಟ್, ಮೋಸ ಹೋದ್ರೆ ನಿಮಗೆ. ಆಮೇಲೆ ನಿಜದ ಚೀಟಿ ತಿರುಗಿಸಿ, ನಿಘಂಟಿನ ಪುಟಾನೂ ತೋರಿಸಿ, ಇಲ್ಲಾಂದ್ರೆ ಜಗಳ ಗ್ಯಾರಂಟಿ.