ಕೇಬಲ್ ತುಂಡಾದರೂ ಕೆಳಗಿನವರ ಸುಳಿವು ಸಿಗಬೇಕು: ನನ್ನ ಅನುಭವ

ಕಲ್ಲಿದ್ದಲು ಗಣಿಯೊಳಗೆ ಮೆಶ್ ರೇಡಿಯೋ (ನೋಡ್ ಎಂಬ ಪುಟ್ಟ ರೇಡಿಯೋಗಳು ಒಂದರಿಂದೊಂದಕ್ಕೆ ಮೆಸೇಜ್ ದಾಟಿಸುವ ಜಾಲ) ನಂಬಬೇಡ, ಲೀಕಿ ಫೀಡರ್ (ಉದ್ದಕ್ಕೂ ಸಿಗ್ನಲ್ ಸೋರಿಸುವ ಕೇಬಲ್) ಎಳೆದು ಸುಮ್ನಿರು ಎಂದವರೇ ಜಾಸ್ತಿ. ಕರೆಂಟ್ ತೆಗೆಸಿ, ನಡುವಿನ ನಾಲ್ಕೈದು ನೋಡ್ ಆಫ್ ಮಾಡಿ, ಒಳಗಿನಿಂದ ಮೆಸೇಜ್ ಬರಿಸಿ ತೋರಿಸಿದ ಮೇಲೆ ಅವರೇ ಬಂದು ಡ್ರಾಯಿಂಗ್ ಕೇಳಿದರು.

ದಿನದ ಮಾತಿಗೆ ಲೀಕಿ ಫೀಡರ್ ಒಳ್ಳೆಯದೇ. ಛಾವಣಿ ಕುಸಿದು ಕೇಬಲ್ ತುಂಡಾದರೆ ಮಾತ್ರ ಆಚೆಯವರ ದನಿ ನಿಂತುಹೋಗುತ್ತದೆ. 2006ರಲ್ಲಿ ಅಮೆರಿಕದ ಸೇಗೋ ಗಣಿ ಸ್ಫೋಟದಲ್ಲಿ 12 ಜನ ಸತ್ತರು. ಹೆಚ್ಚಿನವರು ಪರದೆ ಕಟ್ಟಿಕೊಂಡು ಒಳಗೇ ಕಾದಿದ್ದರು, ಎಲ್ಲಿದ್ದಾರೆಂದು ಮೇಲಿನವರಿಗೆ ತಿಳಿಯಲಿಲ್ಲ. ವೈರ್‌ಲೆಸ್ ಸಂಪರ್ಕ, ಯಾರು ಎಲ್ಲಿದ್ದಾರೆಂದು ತಿಳಿಸುವ ಟ್ರ್ಯಾಕಿಂಗ್ ಬೇಕೆಂಬ ಕಾನೂನು ಅಲ್ಲಿ ಬಂದದ್ದು ಅದೇ ವರ್ಷ.

ನಾನು ನೋಡ್‌ಗಳನ್ನು ಎರಡು ಸಮಾನಾಂತರ ಗ್ಯಾಲರಿಗಳಲ್ಲಿ (ಗಣಿಯೊಳಗಿನ ಸುರಂಗದಾರಿಗಳಲ್ಲಿ) ಹಾಕಿ, ಅಡ್ಡದಾರಿಗಳಲ್ಲಿ ಜೋಡಿಸಿದೆ. ಒಂದು ಸಾಲು ಹೋದರೆ ಇನ್ನೊಂದು ಉಳಿಯಬೇಕು, ಅಷ್ಟೇ ಲೆಕ್ಕ. 2.4 ಗಿಗಾಹರ್ಟ್ಸ್ ನೇರ ದಾರಿಯಲ್ಲಿ ಸುಮಾರು 300 ಮೀಟರ್ ಹೋಗುತ್ತಿತ್ತು. ಒಂದು ತಿರುವು ಬಂದರೆ 40ಕ್ಕೇ ಸುಸ್ತು. ಅದಕ್ಕೇ ನೋಡ್‌ಗಳೆಲ್ಲ ಕೂಡುದಾರಿಯಲ್ಲೇ ಕೂತವು. ನಮ್ಮ ಗ್ಯಾಲರಿಗಳು ಅಗಲ ಜಾಸ್ತಿ, ಎತ್ತರ ಕಮ್ಮಿ. ಅಂಥ ಕಡೆ ಆಂಟೆನಾವನ್ನು ಅಡ್ಡ ಮಲಗಿಸಿ ನೋಡಿ, ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಟ್ರ್ಯಾಕಿಂಗ್ ನಮ್ಮನ್ನು ತಿಂಗಳುಗಟ್ಟಲೆ ಸತಾಯಿಸಿತು. ಸಿಗ್ನಲ್ ಬಲ ನೋಡಿ ಮೀಟರ್ ಲೆಕ್ಕದಲ್ಲಿ ಜಾಗ ಹೇಳುತ್ತೇವೆ ಎಂದು ಮಾರಾಟಗಾರರು ಕೊಟ್ಟ ಸಾಫ್ಟ್‌ವೇರ್, ಯಂತ್ರವೊಂದು ಅಡ್ಡ ನಿಂತರೆ ಮನುಷ್ಯನನ್ನು ಪಿಲ್ಲರ್ (ಛಾವಣಿ ಹೊರಲು ಅಗೆಯದೆ ಬಿಟ್ಟ ಕಲ್ಲಿದ್ದಲ ಕಂಬ) ಒಳಗೇ ತೋರಿಸುತ್ತಿತ್ತು! ಅದನ್ನು ಬಿಟ್ಟೆವು. ಯಾವ ನೋಡ್‌ಗೆ ಕಾರ್ಮಿಕನ ಟ್ಯಾಗ್ (ಗುರುತು ಕಳಿಸುವ ಪುಟ್ಟ ರೇಡಿಯೋ) ಕೇಳಿಸಿತು, ಅದಕ್ಕೂ ಮುಂಚೆ ಯಾವುದಕ್ಕೆ ಕೇಳಿಸಿತ್ತು, ಇಷ್ಟೇ ಸಾಕು. ರಕ್ಷಣಾ ತಂಡಕ್ಕೆ ಬೇಕಾದದ್ದು ಯಾವ ಗ್ಯಾಲರಿ ಎಂಬುದು ತಾನೇ? ಎರಡು ನೋಡ್ ನಡುವೆ ಹೆಸರು ಹಿಂದೆ ಮುಂದೆ ಕುಣಿಯದಂತೆ ಒಂದು ಉಪಾಯ ಮಾಡಿದ್ದೇನೆ, ಅದು ಸದ್ಯ ನನ್ನಲ್ಲೇ ಇರಲಿ. ಟ್ಯಾಗನ್ನು ಹೆಲ್ಮೆಟ್ಟಿನ ಕ್ಯಾಪ್ ಲ್ಯಾಂಪಿಗೇ ಸೇರಿಸಿದ್ದರಿಂದ ಬೇರೆ ಚಾರ್ಜರ್ ಖರ್ಚು ಉಳಿಯಿತು, ಮರೆತು ಬರುವವರೂ ಇಲ್ಲ. ಸೊಂಟದಲ್ಲಿದ್ದಾಗ ಮೈಯೇ ಸಿಗ್ನಲ್ಲಿಗೆ ಅಡ್ಡ ಬರುತ್ತಿತ್ತು.

ಹಣವೆಲ್ಲ ಹೋದದ್ದು ನೋಡ್ ಕೂರುವ ಡಬ್ಬಿಗೆ, ಬ್ಯಾಟರಿಗೆ, ಕಿಡಿಯ ಅಪಾಯವಿಲ್ಲ ಎಂಬ ಪ್ರಮಾಣಪತ್ರಕ್ಕೆ. ರೇಡಿಯೋ ಬೋರ್ಡಿನ ಪಾಲು ಹತ್ತರಲ್ಲಿ ಒಂದೂ ಇರಲಿಲ್ಲ. ಮೀಥೇನ್ ಗಾಳಿಯಲ್ಲಿ 5ರಿಂದ 15 ಶೇಕಡಾ ಇದ್ದರೆ ಕಿಡಿ ಸಾಕು, ಆದ್ದರಿಂದ ಪರೀಕ್ಷೆಯವರು ಬಿಗಿಯಾಗಿರುವುದು ಸರಿಯೇ. ಆದರೆ ಕರೆಂಟ್ ಇಲ್ಲದೆ 24 ಗಂಟೆ ಓಡಲು ಬ್ಯಾಟರಿ ದೊಡ್ಡದು ಮಾಡಿದ್ದಕ್ಕೆ ಮತ್ತೆ ಮೊದಲಿನಿಂದ ಪರೀಕ್ಷೆ, ಮತ್ತೆ ಶುಲ್ಕ. ಬ್ಯಾಟರಿ ಗಾತ್ರ ಮೊದಲೇ ನಿಕ್ಕಿ ಮಾಡಿ ಕಳಿಸಿ.

ನಡುವೆ ಎರಡು ಆಟ ಆಡಿದೆ. ಸುಮಾರು 400 ಕಿಲೋಹರ್ಟ್ಸ್ ಸಿಗ್ನಲ್ಲನ್ನು ಹಳಿ, ಪೈಪುಗಳ ಮೇಲೆ ಹತ್ತಿಸಿದರೆ ಬಹಳ ದೂರ ಸಾಗುತ್ತದೆ. ಮೆಶ್‌ಗೆ ಒಳ್ಳೆಯ ಜೊತೆ. ಇನ್ನೊಂದು, ಪಿಲ್ಲರ್ ಸುತ್ತ ತಂತಿ ಸುತ್ತಿ, ಕೆಲವೇ ಕಿಲೋಹರ್ಟ್ಸ್‌ನಲ್ಲಿ ನೇರ ನೆಲದ ಮೂಲಕ ಮೇಲಕ್ಕೆ ಕಳಿಸುವುದು. ಶಿಫ್ಟ್ ನಡೆಯುವಾಗ ಬರೀ ಗದ್ದಲ. ಮೋಟಾರು ನಿಂತ ರಜಾದಿನ ಅಕ್ಷರಗಳು ಸ್ವಚ್ಛವಾಗಿ ಬಂದವು. ಅಪಘಾತವಾದರೆ ಕರೆಂಟ್ ಹೇಗೂ ತೆಗೆಯುತ್ತಾರೆ, ಅಲ್ವಾ? ಅದಕ್ಕೇ ಅದನ್ನು ಕೈಬಿಟ್ಟಿಲ್ಲ. ನಿಧಾನ ನಿಜ, ಮಾತು ಹೋಗುವುದಿಲ್ಲ, ಚಿಕ್ಕ ಮೆಸೇಜ್ ಮಾತ್ರ.

ಈಗ ಉಳಿದ ತಲೆನೋವು ಗಣಿಯ ಮುಖದ (ಕಲ್ಲಿದ್ದಲು ಅಗೆಯುವ ತುದಿಯ) ಕಡೆಯ ಕೊನೆಯ ನೋಡ್. ಅಗೆತ ಮುಂದೆ ಹೋದಂತೆ ಅದೂ ಹೋಗಬೇಕು, ಯಾರಿಗೂ ನೆನಪಿರುವುದಿಲ್ಲ. ಕಲ್ಲಿದ್ದಲು ಸಾಗಿಸುವ ಬೆಲ್ಟ್ ಉದ್ದ ಮಾಡುವ ತಂಡಕ್ಕೇ ಆ ಕೆಲಸ ಹಚ್ಚಿದ್ದೇನೆ.